ಬಿಳಿಮಡ್ಡಿಗೆ ಕೊಟ್ಟ ಮಾತು

ಸುನಂದಾ ಮೊದಲ ಸಲ ನಮ್ಮ ಮನೆಗೆ ಬಂದದ್ದು ಮಹಡಿಯನ್ನು ಆಫೀಸಿಗೂ ವಾಸಕ್ಕೂ ಬಾಡಿಗೆಗೆ ಕೇಳಲು. ಮುದ್ದೇಬಿಹಾಳದ ಬಸ್ ಸ್ಟ್ಯಾಂಡಿಗೆ ಹತ್ತಿರ, ಹೊರಗಿನಿಂದ ಮೆಟ್ಟಿಲು, ಒಳ್ಳೆ ಗಾಳಿ ಬೆಳಕು. ಬ್ಯಾಂಕಿನವರು ಕೇಳಿದ್ದರು, ಟ್ಯೂಷನ್ನಿನವರು ಕೇಳಿದ್ದರು, ನಾನು ಕೊಟ್ಟಿರಲಿಲ್ಲ. ಇಡೀ ನೌಕರಿಯನ್ನು ಸಾಲೆಯ ಮಕ್ಕಳ ಗದ್ದಲದಲ್ಲಿ ಕಳೆದ ಹೆಡ್‌ಮಿಸ್ಟ್ರೆಸ್ ನಾನು. ನಿವೃತ್ತಿಯಾದ ಮೇಲೆ ತಲೆಯ ಮೇಲೆ ಇನ್ನೊಂದು ಗದ್ದಲ ಯಾರಿಗೆ ಬೇಕು? ಈಕೆ ಒಂದು ಕಾರ್ಡು ಕೊಟ್ಟಳು. "ಆರ್ಥಿಕ ಆಡಳಿತ ಮತ್ತು ಸಾರ್ವಜನಿಕ ಹಣಕಾಸು ವಿಭಾಗದ ಮುಖ್ಯಸ್ಥೆ" ಎಂದು ಅದರಲ್ಲಿ ಅಚ್ಚಾಗಿತ್ತು. ಕೆಳಗೆ ಯಾವುದೋ ಪರದೇಶದ ಸಂಸ್ಥೆಯ ಹೆಸರು. ಅದರ ಕೆಳಗೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ನಾಲ್ಕು ತಾಲೂಕು. ಅಷ್ಟು ದೊಡ್ಡ ಕಾರ್ಡು ಕೊಟ್ಟವಳ ಸೀರೆಯ ಅಂಚಿಗೆ ಎರೆಮಣ್ಣು ಮೆತ್ತಿತ್ತು.

"ಇಷ್ಟು ಉದ್ದನ ನೌಕರಿಯೊಳಗ ಮಾಡೂದೇನವ್ವಾ?" ಅಂದೆ.

"ಊರಿನ ರೊಕ್ಕ ಊರ ಮಂದಿ ಕಣ್ಣಿಗಿ ಕಾಣಬೇಕ್ರಿ ಅಕ್ಕಾರ. ಅಷ್ಟ ಕೆಲಸ."

ಮಹಡಿ ಕೊಟ್ಟುಬಿಟ್ಟೆ.

ಆಕೆ ಲಚ್ಯಾಣದವಳು, ಒಕ್ಕಲುತನದ ಮನೆತನ. ಕಾಮರ್ಸ್ ಓದಿ ಒಂದು ಖಾಸಗಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು. ಬಜೆಟ್ ಪಾಠ ಬಂದಾಗ ಪುಸ್ತಕ ಮುಚ್ಚಿಟ್ಟು, ಹುಡುಗ ಹುಡುಗಿಯರನ್ನು ಕರೆದುಕೊಂಡು ನೆಟ್ಟಗೆ ಪಂಚಾಯಿತಿ ಕಟ್ಟೆಗೆ ಹೋಗಿ, "ಈ ವರ್ಷ ಎಷ್ಟು ಬಂತು, ಎಲ್ಲಿ ಹೋಯಿತು, ನಮ್ಮ ಮಕ್ಕಳಿಗೆ ಹೇಳಿ" ಎಂದು ಕೂತಳಂತೆ. ಮರುವಾರ ಕಾಲೇಜಿನ ಆಡಳಿತ ಮಂಡಳಿಯವರು ಆಕೆಯನ್ನು ಕರೆಸಿ, ಮುಂದಿನ ವರ್ಷ ಬರುವುದು ಬೇಡ ಎಂದರು. ಇಂಥವಳನ್ನೇ ಹುಡುಕುತ್ತಿದ್ದ ಪರದೇಶದವರು ಕರೆದು ನೌಕರಿ ಕೊಟ್ಟರು. ಹೊರಗಿನವರಿಗೆ ಬೇಕಾದದ್ದು ನಮ್ಮವರಿಗೆ ಬೇಡ, ನಮ್ಮ ಕಡೆಯ ಹಣೆಬರಹವೇ ಹಾಗೆ.

ಕೆಲಸ ಏನೆಂದರೆ ಹಳ್ಳಿಯವರಿಂದ ಮನೆಪಟ್ಟಿ, ಅಂದರೆ ಪಂಚಾಯಿತಿಯ ಮನೆ ತೆರಿಗೆ, ಕಟ್ಟಿಸುವುದು. ಕೇಳಿದ ದಿನ ನಾನು ಬಿದ್ದು ಬಿದ್ದು ನಕ್ಕೆ. ನಮ್ಮ ಜಿಲ್ಲೆಯಲ್ಲಿ ಮನೆಪಟ್ಟಿ ಕಟ್ಟುವವನನ್ನು ಕಂಡರೆ ಜನ ಪಾಪ ಅನ್ನುತ್ತಾರೆ, ತಲೆ ಸರಿಯಿಲ್ಲ ಅನ್ನುತ್ತಾರೆ. ಆದರೆ ಸುನಂದಾಳ ತರ್ಕ ಬೇರೆ. ಮೇಲಿನಿಂದ ಬಂದ ಅನುದಾನ ಹೇಗೆ ಹೋಯಿತೆಂದು ಯಾರೂ ಕೇಳುವುದಿಲ್ಲ. ತನ್ನ ಸೊಂಟದ ಚೀಲದಿಂದ ಬಿಚ್ಚಿ ಕೊಟ್ಟವನು ಮಾತ್ರ ಕೇಳುತ್ತಾನೆ. ಹಾಗಾಗಿ ಮೊದಲು ಕೊಡಿಸಬೇಕು, ಆಮೇಲೆ ಕೇಳಿಸಬೇಕು. ಊರವರು ಒಂದು ಪಾಲು ಹಾಕಿದರೆ ಪರದೇಶದವರು ಎರಡು ಪಾಲು ಹಾಕುವರು, ಆ ರೊಕ್ಕದಲ್ಲಿ ಏನು ಮಾಡಬೇಕೆಂದು ಊರೇ ಬಯಲಲ್ಲಿ ಕೂತು ತೀರ್ಮಾನಿಸುವುದು. ನಾಲ್ಕೂ ತಾಲೂಕುಗಳಲ್ಲಿ ಇದೇ ಪದ್ಧತಿ. ಅಗರಖೇಡದ ಕಡೆಯ ಒಂದು ಹಳ್ಳಿಯಲ್ಲಿ ಗಟಾರ ಮೊದಲೋ ಸಾಲೆಯ ಕಂಪೌಂಡು ಮೊದಲೋ ಎಂದು ಗಂಡಸರೂ ಹೆಂಗಸರೂ ಮಧ್ಯಾಹ್ನದ ಊಟ ಬಿಟ್ಟು ಜಗಳಾಡಿದ್ದನ್ನು ಆಕೆ ಮದುವೆಯ ಸುದ್ದಿಯಂತೆ ಬಂದು ಹೇಳುತ್ತಿದ್ದಳು.

ನನಗೂ ಮನೆಯಲ್ಲಿ ಕೂತು ಬೇಸರ. ಆಫೀಸಿನ ಜೀಪಿನಲ್ಲಿ ಜಾಗವಿದ್ದಾಗ ನಾನೂ ಹೊರಡುತ್ತಿದ್ದೆ. ಡ್ರೈವರ್ ನಬಿಲಾಲ ನಮ್ಮ ಊರವನೇ, ಮಾತುಗಾರ. ಹಾಗೆ ಹೋದಾಗಲೇ ನಾನು ಬಿಳಿಮಡ್ಡಿ ನೋಡಿದ್ದು.

ಬಿಳಿಮಡ್ಡಿ ಇಂಡಿ ತಾಲೂಕಿನ ಸಣ್ಣ ಊರು, ಹೆಚ್ಚಾಗಿ ಕುರಿ ಸಾಕುವವರು. ಹೆಸರಿಗೆ ತಕ್ಕ ಹಾಗೆ ಸುತ್ತ ಸುಣ್ಣದ ಕಲ್ಲಿನ ಬರಡು ಮಡ್ಡಿ. ನಳದ ನೀರು ಸವಳು. ಬೇಳೆ ಬೇಯುವುದಿಲ್ಲ, ಚಹಾ ಒಡೆಯುತ್ತದೆ, ಚಿಕ್ಕ ವಯಸ್ಸಿಗೇ ಮೊಣಕಾಲು ಹಿಡಿಯುತ್ತದೆ. ಹಳ್ಳದ ಆಚೆ ಒಂದು ಸಿಹಿನೀರಿನ ಬೋರು ಇತ್ತು. ಅಲ್ಲಿಂದ ಊರಿಗೆ ಪೈಪು, ಊರ ಮುಂದೆ ಒಂದು ನೀರಿನ ಟಾಕಿ. ಆ ಊರಿಗೆ ಬೇಕಾದದ್ದು ಅಷ್ಟೇ.

ಅಲ್ಲಿನ ಮರೆವ್ವನ ಬಗ್ಗೆ ಹೇಳಲೇಬೇಕು. ಸೊಸೆಯಂದಿರನ್ನೂ ಕುರಿಗಳನ್ನೂ ಒಂದೇ ದನಿಯಲ್ಲಿ ಬಯ್ಯುವ ಮುದುಕಿ. ಮೊದಲ ಸಭೆಯಲ್ಲಿ ಸೆರಗು ಬಾಯಿಗಿಟ್ಟುಕೊಂಡು ಹಿಂದೆ ಕೂತಿದ್ದಳು. ಒಂದು ವರ್ಷ ಪಟ್ಟಿ ಕಟ್ಟಿದ ಮೇಲೆ ಆಕೆ ಎದ್ದು ನಿಂತು, ಖರ್ಚಿನ ಲೆಕ್ಕ ಓದಿದ ಪಂಚಾಯಿತಿ ಅಧ್ಯಕ್ಷನಿಗೆ, "ಬಲ್ಬ ತಂದೇವಿ ಅಂತ ಓದಿದ್ಯಲ್ಲೋ ತಮ್ಮಾ, ನಮ್ಮ ಓಣ್ಯಾಗ ಕತ್ತಲಿ ಐತಿ. ಆ ಬಲ್ಬ ನಿಮ್ಮ ಮನ್ಯಾಗ ಉರಿಯಾಕತ್ತಾವೇನು?" ಎಂದಳು. ಸಭೆಯೆಲ್ಲ ಹೋ ಎಂದಿತು. ಅಧ್ಯಕ್ಷನ ಮುಖ ನೋಡಬೇಕಿತ್ತು. ಜೀಪಿನಲ್ಲಿ ಬರುವಾಗ ಸುನಂದಾ ದಾರಿಯುದ್ದಕ್ಕೂ ಅಳುತ್ತ ನಗುತ್ತ ಬಂದಳು. "ಅಕ್ಕಾರ, ನನ್ನ ನೌಕರಿ ಇವತ್ತ ಮುಗೀತು ಅಂದ್ರೂ ನಡೀತೈತ್ರಿ," ಎಂದಳು. ಅಂಥ ಮಾತು ಆಡಬಾರದಿತ್ತು, ಬಾಯಿ ಹಾಳು.

ಪೈಪಿನ ಕೆಲಸಕ್ಕೆ ಎರಡು ವರ್ಷದ ಪಟ್ಟಿ ಒಟ್ಟಿಗೇ ಕಟ್ಟಬೇಕಾಗಿತ್ತು. ಊರು ಹಿಂದೆ ಮುಂದೆ ನೋಡಿತು. ಸುನಂದಾ ಒಪ್ಪಂದದ ಕಾಗದ ತೋರಿಸಿದಳು. ಅಮೋಗಸಿದ್ಧನ ಗುಡಿಯ ಪೂಜಾರಿ ಮಾಳಿಂಗ ಅದನ್ನು ಮುಟ್ಟಲೂ ಇಲ್ಲ.

"ಕಾಗದ ಭಾಳ ನೋಡೇವ್ರಿ. ಭಂಡಾರ ಮುಟ್ಟಿ ಹೇಳ್ರಿ, ನಾಳೆನ ಪಟ್ಟಿ ತುಂಬತೇವಿ."

ಭಂಡಾರವೆಂದರೆ ದೇವರ ಮುಂದಿನ ಅರಿಶಿನದ ಪುಡಿ. ಅದನ್ನು ಕೈಯಲ್ಲಿ ಹಿಡಿದು ಆಡಿದ ಮಾತನ್ನು ಆ ಊರಲ್ಲಿ ಯಾರೂ ಮುರಿಯುವುದಿಲ್ಲ. ಸುನಂದಾ ಹಿಡಿದಳು. "ನಮ್ಮ ಸಂಸ್ಥಾದ ಪರವಾಗಿ..." ಎಂದು ಶುರು ಮಾಡಿದಳು. ಮಾಳಿಂಗ ತಡೆದ.

"ಸಂಸ್ಥಾಕ್ಕ ಕೈ ಎಲ್ಲಿ ಐತ್ರಿ ಬಾಯಾರ, ಭಂಡಾರ ಹಿಡಿಯಾಕ? ನಿಮ್ಮ ಹೆಸರು ಹೇಳ್ರಿ, ನಿಮ್ಮೂರು ಹೇಳ್ರಿ."

ಆಕೆ ಒಂದು ಗಳಿಗೆ ನನ್ನ ಕಡೆ ನೋಡಿದಳು. ಆಮೇಲೆ, "ಲಚ್ಯಾಣದ ಸುನಂದಾ ಅದೀನಿ. ಮುಂದಿನ ಬ್ಯಾಸಗಿಯೊಳಗ ಈ ಊರಿಗಿ ಸಿಹಿನೀರ ತರತೇನಿ," ಎಂದಳು. ನಬಿಲಾಲ ಮೊಬೈಲಿನಲ್ಲಿ ತೆಗೆದ ಆ ಫೋಟೋ ಪರದೇಶಕ್ಕೆ ಹೋಯಿತು. ಅಲ್ಲಿನವರಿಗೆ ಖುಷಿಯೋ ಖುಷಿ. ವರ್ಷದ ವರದಿಯ ಮುಖಪುಟಕ್ಕೆ ಹಾಕಿದರು. ಹಳದಿ ಅಂಗೈ, ಹಿಂದೆ ಕಂಬಳಿ ಹೊದ್ದ ಮಾಳಿಂಗ. ಬಣ್ಣ ಚೆನ್ನಾಗಿ ಬಂದಿತ್ತು.

ಊರು ಪಟ್ಟಿ ಕಟ್ಟಿತು. ಪೈಪಿನ ಕೆಲಸ ಸಿಂದಗಿ ಕಡೆಯ ಸಂಜೀವಕುಮಾರ ಎಂಬ ಕಂತ್ರಾಟುದಾರನಿಗೆ ಹೋಯಿತು. ಬಿಳಿ ಅಂಗಿ, ಬಿಳಿ ಕಾರು, ಮುಂದಿನ ಚುನಾವಣೆಗೆ ನಿಲ್ಲುವ ಆಸೆ. ಊರ ರೊಕ್ಕದಲ್ಲಿ ಆತ ಓಣಿಯ ಹಳೆಯ ಸವಳು ನೀರಿನ ಪೈಪು ಕಿತ್ತು ತೆಗೆದ. ಅದೇ ಸಾಲಿನಲ್ಲಿ ಹೊಸದನ್ನು ಹೂಳಬೇಕಾಗಿತ್ತು. ಅಷ್ಟರಲ್ಲಿ ಆ ಪರದೇಶದಲ್ಲಿ ಸರಕಾರ ಬದಲಾಯಿತು. ಹೊರದೇಶಗಳಿಗೆ ಕೊಡುವ ನೆರವನ್ನೆಲ್ಲ ಹೊಸಬರು ಒಂದೇ ದಿನ ನಿಲ್ಲಿಸಿದರು.

ಆ ದಿನ ನಾನು ಚಹಾ ತೆಗೆದುಕೊಂಡು ಮೇಲೆ ಹೋದಾಗ ಸುನಂದಾ ಕಂಪ್ಯೂಟರಿನ ಮುಂದೆ ನಿಂತಿದ್ದಳು. ಪರದೆಯ ಮೇಲೆ ಆಕೆಯ ಮೇಲಧಿಕಾರಿ, ನರೆಗೂದಲಿನ ಬಿಳಿ ಹೆಂಗಸು, ಆಕೆಯೂ ಕಣ್ಣೊರೆಸಿಕೊಳ್ಳುತ್ತಿದ್ದಳು. ಆಕೆಯ ನೌಕರಿಯೂ ಹೋಗಿತ್ತು. ಸುನಂದಾ ಇಂಗ್ಲಿಷಿನಲ್ಲಿ ಒಂದೇ ಮಾತನ್ನು ತಿರುಗಿಸಿ ತಿರುಗಿಸಿ ಹೇಳುತ್ತಿದ್ದಳು. ಬಿಳಿಮಡ್ಡಿಯದು ಮಂಜೂರಾದ ಹಣ, ಊರಿನ ಪಾಲು ಖರ್ಚಾಗಿದೆ, ಹಳೆಯ ಪೈಪು ಕಿತ್ತಾಗಿದೆ, ಅದೊಂದನ್ನು ಮಾತ್ರ ಬಿಡುಗಡೆ ಮಾಡಿ. ಆ ಹೆಂಗಸು ಇಲ್ಲವೆಂದು ತಲೆಯಾಡಿಸಿದಳು. ಖಾತೆಗಳು ಬಂದ್ ಆಗಿವೆ, ನಾನೇ ಒಳಗೆ ಹೋಗಲಾರೆ, ಎಂದಳು. ಕೊನೆಗೆ ಮುಕ್ತಾಯದ ವರದಿ ಕಳಿಸಬೇಕು, ಅದರಲ್ಲಿ "ಕಲಿತ ಪಾಠಗಳು" ಎಂಬ ಭಾಗವನ್ನು ಮರೆಯಬೇಡ ಎಂದು ಹೇಳುತ್ತಿರುವಾಗಲೇ ಪರದೆ ಕಪ್ಪಾಯಿತು. ಕಂಪ್ಯೂಟರೂ ಅವರದೇ, ಅದನ್ನೂ ಅಲ್ಲಿಂದಲೇ ಮುಚ್ಚಿದ್ದರು.

ನನಗೆ ಮೈಯೆಲ್ಲ ಉರಿಯಿತು. ಕೊಡುವುದಿಲ್ಲ ಅನ್ನುವವರು ಮೊದಲೇ ಅನ್ನಬೇಕು. ಊಟಕ್ಕೆ ಕರೆದು, ಎಲೆ ಹಾಕಿಸಿ, ಮನೆಯಲ್ಲಿದ್ದ ರೊಟ್ಟಿಯನ್ನೂ ಬಿಸಾಡಿಸಿ, ಆಮೇಲೆ ಏಳು ಅಂದರೆ? ನಮ್ಮ ಮನೆಗೆ ಬಂದಿದ್ದರೆ ಮೆಟ್ಟಿಲಲ್ಲೇ ನಿಲ್ಲಿಸಿ ಕೇಳುತ್ತಿದ್ದೆ.

ಅಂದಿನಿಂದ ಸುನಂದಾ ತಿರುಗಿದಳು. ಜೀಪು ಹೋಯಿತು, ಬಸ್ಸಿನಲ್ಲಿ ತಿರುಗಿದಳು. ಇಂಡಿ, ವಿಜಯಪುರ, ಬೆಂಗಳೂರು. ಒಂದು ಕಚೇರಿಯಲ್ಲಿ, ಈ ಕೆಲಸ ಪರದೇಶದ ಯೋಜನೆಯದು ಎಂದು ದಾಖಲಾಗಿದೆ, ಒಂದೇ ಕೆಲಸಕ್ಕೆ ಎರಡು ಕಡೆಯ ಹಣ ಹಾಕಲು ಬರುವುದಿಲ್ಲ ಎಂದರು. ಆ ನಿಯಮವನ್ನು ಅಧಿಕಾರಿಗಳಿಗೆ ಕಲಿಸಿದವಳೇ ಈಕೆ, ತರಬೇತಿ ಕೊಟ್ಟು. ಇನ್ನೊಂದು ಕಚೇರಿಯಲ್ಲಿ ಕುರ್ಚಿ ಹಾಕಿ, ಚಹಾ ಕೊಟ್ಟು, ಮುಂದಿನ ವರ್ಷ ನೋಡೋಣ ಎಂದರು. ತನ್ನ ಉಳಿತಾಯವನ್ನೆಲ್ಲ ಸಂಜೀವಕುಮಾರನಿಗೆ ಕೊಟ್ಟಳು. ಅದರಲ್ಲಿ ಪೈಪು ಹಳ್ಳದ ದಂಡೆಯ ತನಕ ಬಂದು ನಿಂತಿತು. ಲಚ್ಯಾಣದಲ್ಲಿ ಅಣ್ಣನ ಹತ್ತಿರ ತನ್ನ ಪಾಲಿನ ಹೊಲ ಮಾರುವ ಮಾತು ತೆಗೆದಳು. ಅಣ್ಣ, "ಪರದೇಶದವರ ಸಲುವಾಗಿ ಹೊಲ ಮಾರತೀಯಾ, ಹುಚ್ಚು ಹಿಡದೈತೇನು?" ಎಂದು ಗದರಿಸಿ ಕಳಿಸಿದ.

ನೋಡನೋಡುತ್ತ ಆಕೆ ಸೊರಗಿದಳು. ಊಟಕ್ಕೆ ಕರೆದರೆ ತಾಟಿನ ಮುಂದೆ ಕೂತು ಫೋನು ನೋಡುವಳು. ನಾನು ಬಾಡಿಗೆ ಕೇಳಲಿಲ್ಲ, ಆಕೆ ಹೋಗುವ ಮಾತೂ ತೆಗೆಯಲಿಲ್ಲ. ಬಿಳಿಮಡ್ಡಿಗೆ ಮಾತ್ರ ಹೋಗಲಿಲ್ಲ. "ಏನಾರ ಕೈಯಾಗ ಹಿಡಕೊಂಡು ಹೋಗತೇನ್ರಿ ಅಕ್ಕಾರ. ಬರಿಗೈಲೆ ಹ್ಯಾಂಗ ಹೋಗ್ಲಿ?" ಎಂದಳು. ಯುಗಾದಿ ದಾಟಿತು. ಬಿಸಿಲು ನೆತ್ತಿಗೆ ಬಂತು.

ಒಂದು ಮಧ್ಯಾಹ್ನ ನಬಿಲಾಲ ಬಂದ. ಜೀಪು ಹೋದ ಮೇಲೆ ಆತ ಸಂಜೀವಕುಮಾರನ ಹತ್ತಿರವೇ ನೀರಿನ ಟ್ಯಾಂಕರ್ ಓಡಿಸುತ್ತಿದ್ದ. ಮೆಟ್ಟಿಲ ಮೇಲೆ ಕೂತು ಟೊಪ್ಪಿಗೆ ತೆಗೆದು ಗಾಳಿ ಬೀಸಿಕೊಂಡ. ಮೇಲೆ ಬಾಗಿಲಲ್ಲಿ ನಿಂತ ಸುನಂದಾಳ ಕಡೆ ನೋಡಲಿಲ್ಲ.

"ಬಾಯಾರ, ಸಾಹುಕಾರ ಫುಕ್ಕಟ ನೀರು ಕಳಸಾಕತ್ತಾನ್ರಿ ಬಿಳಿಮಡ್ಡಿಗಿ, ಟ್ಯಾಂಕರ್ ಮ್ಯಾಲ ತನ್ನ ಫೋಟೋ ಹಚ್ಚಿ. ಉಳದ ಪೈಪೂ ನಾನ ಹಾಕಸತೇನಿ ಅಂದಾನ. ಆದ್ರ ಊರವರು ತಗೋವಲ್ರು. ಮೂರು ಸಲ ತಿರುಗಿಸಿ ಕಳಸ್ಯಾರ."

"ಯಾಕ?" ಎಂದಳು ಸುನಂದಾ.

"ನಿಮ್ಮ ಮಾತು ಐತೆಲ್ರಿ ಭಂಡಾರದ್ದು. ಕೊಟ್ಟವರು ತಾವಾಗಿ ಬಂದು ಆಗೂದಿಲ್ಲ ಅನ್ನೂ ತನಕ, ಅದ ಕೆಲಸಕ್ಕ ಇನ್ನೊಬ್ಬರ ಕಡೆ ಕೈಯೊಡ್ಡಬಾರದಂತ. ಮಾಳಿಂಗಣ್ಣ ಹೇಳ್ಯಾನ. ಹೆಣ್ಣಮಕ್ಕಳು ಹಳ್ಳದಾಚೆಯಿಂದ ತಲಿಮ್ಯಾಲ ಹೊರಾಕತ್ತಾರ್ರಿ. ಮರೆವ್ವಾಯಿ ಸೊಸಿ ಬಸರಿ ಇದ್ದಳು, ಇಳಜಾರನ್ಯಾಗ ಜಾರಿ ಬಿದ್ದಳು. ಕೂಸು ಉಳೀಲಿಲ್ಲ."

ಸುನಂದಾ ಮೆಟ್ಟಿಲಿಳಿದು ಅವನ ಮುಂದೆ ಬಂದಳು.

"ಮರೆವ್ವ ಏನಂದಳು?"

"ಬಾಯಾರು ಬರತಾರ, ಬಂದ ಬರತಾರ ಅಂತಾಳ್ರಿ."

ಆ ರೂಢಿಯ ಇನ್ನರ್ಧ ನಮಗೆ ಯಾರೂ ಹೇಳಿರಲಿಲ್ಲ. ಹೇಳಬೇಕೆಂದು ಊರಿಗೂ ಅನ್ನಿಸಿರಲಿಕ್ಕಿಲ್ಲ. ಉಸಿರಾಡುವುದನ್ನು ಯಾರು ವಿವರಿಸುತ್ತಾರೆ? ಈಕೆ ಯಾವತ್ತು ಬರಿಗೈಯಲ್ಲಿ ಹೋಗಬಾರದೆಂದು ದೂರ ಉಳಿದಳೋ ಅಂದಿನಿಂದಲೇ ಆ ಊರು ಈಕೆಯ ಮರ್ಯಾದೆಯನ್ನು ತಲೆಯ ಮೇಲೆ ಹೊತ್ತು ಹಳ್ಳ ಹತ್ತಿ ಇಳಿಯುತ್ತಿತ್ತು. ನನಗೆ ಮಾಳಿಂಗನ ಮೇಲೆ ಸಿಟ್ಟು ಬಂತು, ಸುನಂದಾಳ ಮೇಲೆ ಬಂತು, ಆ ಫೋಟೋ ಅಚ್ಚು ಹಾಕಿಸಿದವರ ಮೇಲಂತೂ ಕೆಟ್ಟ ಸಿಟ್ಟು ಬಂತು. ಸಿಟ್ಟು ಮಾಡಿ ಏನು? ಕೂಸು ಹೋಗಿತ್ತು.

ಸಂಜೆ ಆಕೆ ಕೆಳಗೆ ಬಂದು ನನ್ನ ಹತ್ತಿರ ಕೂತಳು.

"ನಾ ಹೋಗಿ ಆಗೂದಿಲ್ಲ ಅಂದ್ರ ಅವರಿಗಿ ನೀರು ಬರತೈತಿ. ಆದ್ರ ಸಂಜೀವಕುಮಾರನ ನೀರು ಬರತೈತ್ರಿ ಅಕ್ಕಾರ. ಎಂಟು ವರ್ಷ ನಾ ಮಾಡಿದ್ದೆಲ್ಲಾ ಹೋಗತೈತಿ."

"ಮತ್ತ ಹೋಗಬ್ಯಾಡ," ಎಂದೆ, ಆಕೆ ಏನನ್ನುವಳೋ ನೋಡೋಣವೆಂದು.

"ಹೋಗಲಿಲ್ಲಂದ್ರ ನಾ ಮನಶ್ಯಾಳ ಅಲ್ಲ," ಎಂದು ಗೊಳೋ ಎಂದು ಅತ್ತಳು. ಗಟ್ಟಿ ಹೆಣ್ಣು ಅದು, ಅಷ್ಟು ಜೋರಾಗಿ ಅತ್ತದ್ದನ್ನು ನಾನು ನೋಡಿರಲಿಲ್ಲ. ಆಕೆಯ ಬೆನ್ನ ಮೇಲೆ ಕೈಯಿಟ್ಟೆ.

ಮರುದಿನ ಇಬ್ಬರೂ ಬಸ್ಸು ಹಿಡಿದು ಹೋದೆವು. ಓಣಿಯ ನಡುವೆ ತೋಡಿದ ಕಾಲುವೆ ಹಾಗೇ ಬಾಯಿ ತೆರೆದು ಬಿದ್ದಿತ್ತು, ಅದರಲ್ಲಿ ಆಡು ಮಲಗಿದ್ದವು. ಸುನಂದಾಳನ್ನು ಕಂಡು ಹೆಂಗಸರು ಖಾಲಿ ಕೊಡ ಕೆಳಗಿಟ್ಟು ಓಡಿ ಬಂದರು. ಮರೆವ್ವ ಎಲ್ಲರಿಗಿಂತ ಮುಂದೆ.

"ನಾ ಹೇಳಿದ್ದಿಲ್ಲೇನು? ಬಂದ್ರು ನೋಡ್ರಿ!" ಎಂದು ಕೂಗಿದಳು.

ಅದನ್ನು ಕೇಳಿ ನನಗೆ ಅಲ್ಲಿಂದಲೇ ತಿರುಗಿ ಹೋಗಬೇಕು ಅನ್ನಿಸಿತು. ಸುನಂದಾ ಮಾತ್ರ ನೆಟ್ಟಗೆ ಗುಡಿಯ ಕಟ್ಟೆಗೆ ನಡೆದಳು. ಊರು ಸೇರಿತು. ಆಕೆ ಶುರು ಮಾಡಿದಳು, ಆ ದೇಶದಲ್ಲಿ ಸರಕಾರ ಬದಲಾದದ್ದು, ನೆರವು ನಿಂತದ್ದು, ಕಚೇರಿಗಳ ನಿಯಮ. ಜನ ಒಬ್ಬರ ಮುಖ ಒಬ್ಬರು ನೋಡಿದರು. ಮಾಳಿಂಗ ಕಣ್ಣು ಮುಚ್ಚಿ ಕೇಳುತ್ತಿದ್ದವನು ಮೆಲ್ಲಗೆ ಅಂದ.

"ಬಾಯಾರ, ದೇಶದ ಸುದ್ದಿ ನಮಗ್ಯಾಕ್ರಿ. ಭಂಡಾರ ಹಿಡದವರು ನೀವು. ಆಗತೈತೋ ಆಗೂದಿಲ್ಲೋ, ಅಷ್ಟ ಹೇಳ್ರಿ."

ಸುನಂದಾ ನೀರು ಬೇಕೆಂದು ಕೈ ಮಾಡಿದಳು. ಆ ಊರಲ್ಲಿ ಆ ಹೊತ್ತಿಗೆ ಯಾರ ಕೊಡದಲ್ಲೂ ನೀರಿರಲಿಲ್ಲ. ಒಬ್ಬಳು ಮನೆಗೆ ಓಡಿ ಒಂದು ಚರಿಗೆಯ ತಳದಲ್ಲಿದ್ದದ್ದನ್ನು ತಂದಳು. ಸುನಂದಾ ಅದನ್ನು ಕುಡಿಯದೆ ಕೆಳಗಿಟ್ಟಳು.

"ನನ್ನ ಕಡಿಂದ ಆಗಲಿಲ್ಲ. ನಾ ಕೊಟ್ಟ ಮಾತು ನಾ ನಡಸಲಿಲ್ಲ. ಲಚ್ಯಾಣದ ಸುನಂದಾ ಸೋತೇನ್ರಿ. ನೀವು ಯಾರನ್ನ ಬೇಕಾದ್ರೂ ಕೇಳ್ರಿ."

ಯಾರೂ ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಮಾಳಿಂಗ, "ಆತ್ರಿ, ಮುಗೀತು," ಎಂದು ಎದ್ದ. ಮರೆವ್ವ ಬಹಳ ಹೊತ್ತು ಸುನಂದಾಳ ಮುಖ ನೋಡುತ್ತ ಕೂತಿದ್ದು, ಮೊಣಕಾಲು ಹಿಡಿದು ಎದ್ದು ಮನೆಗೆ ಹೋದಳು. ಅಂದೇ ಸಂಜೆ ಟ್ಯಾಂಕರ್ ಬಂತಂತೆ. ಹೆಂಗಸರು ಮುಗಿಬಿದ್ದರು ಎಂದು ನಬಿಲಾಲ ಹೇಳಿದ.

ಉಳಿದ ಪೈಪನ್ನು ಸಂಜೀವಕುಮಾರ ಹತ್ತೇ ದಿನದಲ್ಲಿ ಹಾಕಿಸಿದ. ಸುನಂದಾ ಕೇಳಿದಾಗ ಅದೇ ಕೆಲಸಕ್ಕೆ ಅವನ ಬಳಿ ಆಳಿರಲಿಲ್ಲ, ಪೈಪಿರಲಿಲ್ಲ, ಏನೂ ಇರಲಿಲ್ಲ. ಊರವರ ಎರಡು ವರ್ಷದ ಪಟ್ಟಿ, ಸುನಂದಾಳ ಉಳಿತಾಯ, ಅವುಗಳ ಮೇಲೆ ಅವನು ಸುರಿದದ್ದು ಎಷ್ಟೋ ಏನೋ. ಟಾಕಿಯ ಮೇಲೆ ಮಾತ್ರ ನೀಲಿ ಬಣ್ಣದಲ್ಲಿ ಆಳೆತ್ತರದ ಅಕ್ಷರ, "ಸಂಜೀವಕುಮಾರ ಅಣ್ಣನವರ ಕೊಡುಗೆ."

ಟಾಕಿ ಶುರುವಾಗುವ ದಿನಕ್ಕೆ ಮರೆವ್ವ ಸುನಂದಾಳನ್ನು ಬರಹೇಳಿದ್ದಳು. ಬೇಡ ಎಂದೆ. ಹಟಮಾರಿ, ಕೇಳಲಿಲ್ಲ. ಸಿಹಿನೀರು ಬರುವುದನ್ನಾದರೂ ಕಣ್ಣಾರೆ ನೋಡಬೇಕು ಎಂದಳು. ಆಕೆಯನ್ನು ಒಬ್ಬಳನ್ನೇ ಬಿಡಲು ಮನಸ್ಸಾಗದೆ ನಾನೂ ಹೋದೆ.

ಹಲಗೆ ಬಡಿದರು, ಹಾರ ಹಾಕಿದರು, ಪಂಚಾಯಿತಿ ಅಧ್ಯಕ್ಷ ಸಂಜೀವಕುಮಾರನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಇನ್ನು ಮುಂದೆ ಈ ಊರಿಗೆ ಮನೆಪಟ್ಟಿಯ ಕಾಟ ಇರುವುದಿಲ್ಲ, ಏನು ಬೇಕಾದರೂ ತನ್ನನ್ನು ಕೇಳಿ ಎಂದು ಆತ ಮೈಕಿನಲ್ಲಿ ಹೇಳಿದಾಗ ಜನ ಚಪ್ಪಾಳೆ ತಟ್ಟಿದರು. ನಳ ತಿರುಗಿಸಿದರು. ನೀರು ಬಂತು, ಒಳ್ಳೆಯ ನೀರು. ಹೆಂಗಸರು ಬೊಗಸೆಯಲ್ಲಿ ಹಿಡಿದು ಕುಡಿದು, ಮುಖಕ್ಕೆ ಎರಚಿಕೊಂಡು, ನಕ್ಕರು. ಸುನಂದಾ ಎಲ್ಲರ ಹಿಂದೆ ನಿಂತು ನೋಡುತ್ತಿದ್ದಳು. ಮರೆವ್ವ ಕೊಡ ತುಂಬಿಕೊಂಡು ಆಕೆಯ ಹತ್ತಿರ ಬಂದಳು. ಮುಖದಲ್ಲಿ ಸಿಟ್ಟಿನ ಗುರುತೇ ಇರಲಿಲ್ಲ, ಹಳೆಯ ಪ್ರೀತಿಯೇ ಇತ್ತು.

ಸುನಂದಾ ತಡೆಯಲಾರದೆ ಕೇಳಿದಳು. "ಯವ್ವಾ, ನಿಮ್ಮ ಪಟ್ಟಿ ರೊಕ್ಕನೂ ಇದರಾಗ ಐತಿ. ಅದರಾಗ ಎಷ್ಟು ಉಳೀತು, ಇವ ಎಷ್ಟು ಹಾಕಿದ, ಯಾರಾರ ಕೇಳಿದ್ರೇನು? ನೀನಾದ್ರೂ ಕೇಳಿದೇನು?"

ಮರೆವ್ವ ಗಾಬರಿಯಾಗಿ ಅತ್ತಿತ್ತ ನೋಡಿ ಆಕೆಯ ಬಾಯಿಗೆ ಒದ್ದೆ ಕೈ ಅಡ್ಡ ಹಿಡಿದಳು.

"ಹಂಗ ಅನಬ್ಯಾಡ್ರಿ ಬಾಯಾರ, ಕೇಳಿಸ್ಕೊಂಡಾನು. ಫುಕ್ಕಟ ಕೊಟ್ಟವರನ್ನ ಲೆಕ್ಕಾ ಕೇಳತಾರೇನ್ರಿ? ನಾಳೆ ನೀರು ಬಂದ್ ಮಾಡಿದ್ರ?"

ಎಂದು ಹೇಳಿ, ಕೊಡ ಎತ್ತಲು ಒಂದು ಕೈ ಕೊಡಿ ಎಂದಳು. ಸುನಂದಾ ಬಗ್ಗಿ ಕೊಡ ಎತ್ತಿ ಆಕೆಯ ತಲೆಯ ಮೇಲಿಟ್ಟಳು.